ಅವನು ನಿಮಗೆ ಏನಾಗಬೇಕು?

(ನಮ್ಮ ಸಂಘದ ಉಪನ್ಯಾಸಮಾಲೆಯಲ್ಲಿ ಅತಿಥಿ ವೈದ್ಯರು ನೀಡಿದ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ಉಪನ್ಯಾಸಕ್ಕೆ ಕರೆದಾಗ ಆತ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೃದಯಾಘಾತ ಇವುಗಳಲ್ಲಿ ಒಂದನ್ನು ಕುರಿತು ಮಾತನಾಡುವನೆಂದು ನಿರೀಕ್ಷಿಸುವುದು ಸಹಜ. ನಾನು ಇಂದು ಆರಿಸಿಕೊಂಡಿರುವ ವಿಷಯಕ್ಕೆ ಮಾತ್ರೆಯೂ ಇಲ್ಲ, ಪಥ್ಯವೂ ಇಲ್ಲ. ಎಂದೂ ಕಂಡಿರದ, ಎಂದೂ ಮಾತನಾಡಿಸಿರದ ಎಳೆಯ ಜೀವವೊಂದು ಕಾಣೆಯಾಗಿ, ಕಡೆಗೆ ಮೃತವಾಗಿ ದೊರೆತಾಗ ಸಾವಿರಾರು ಅಪರಿಚಿತರು ಕಣ್ಣೀರಿಡುತ್ತಾರೆ. ಆ ಕಣ್ಣೀರು ಎಂಥದು? ಅದು ನಿಜವಾದ ದುಃಖವೋ, ತೋರಿಕೆಯ ಮರುಕವೋ, ಅಥವಾ ಮನಸ್ಸಿನ ಒಂದು ಕಾಯಿಲೆಯೋ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದದ್ದಲ್ಲ. ನಾನೇ ಮಾಡಿದ ಒಂದು ತಪ್ಪಿನಿಂದ ಬಂದದ್ದು.

ಆರಿಸಬಾರದ ದೀಪ

ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ 1997ರಲ್ಲಿ ರೆಸಿಡೆನ್ಸಿಗಾಗಿ ನಾನು ಮಿನ್ನೆಸೋಟ ರಾಜ್ಯಕ್ಕೆ ಬಂದೆ. ವೃದ್ಧ ದಂಪತಿಗಳ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿದ್ದೆ. ಅಕ್ಟೋಬರ್ ತಿಂಗಳ ಒಂದು ರಾತ್ರಿ ಆಸ್ಪತ್ರೆಯಿಂದ ತಡವಾಗಿ ಹಿಂದಿರುಗಿದಾಗ ಮುಂಬಾಗಿಲ ಜಗಲಿಯ ದೀಪ ಉರಿಯುತ್ತಿತ್ತು. ಮರೆತಿದ್ದಾರೆಂದು ಭಾವಿಸಿ ಅದನ್ನು ಆರಿಸಿ ಮಲಗಿದೆ. ಕೋಣೆಯಿಂದ ಹೊರಬರುವಾಗ ದೀಪ ಆರಿಸದಿದ್ದರೆ ಬೈಸಿಕೊಳ್ಳುವ ಮನೆಯಲ್ಲಿ ಬೆಳೆದವನಿಗೆ ಅದೊಂದು ಉಪಕಾರವೆಂದೇ ತೋರಿತ್ತು. ಮರುದಿನ ಬೆಳಗ್ಗೆ ಮನೆಯೊಡತಿ ಸ್ವಲ್ಪವೂ ಕೋಪವಿಲ್ಲದೆ ಹೇಳಿದರು: ‘ಅದು ಜೇಕಬ್‌ನ ದೀಪ. ಅದನ್ನು ಆರಿಸಬೇಡ.’

ಜೇಕಬ್ ಅವರ ಮಗನೋ ಮೊಮ್ಮಗನೋ ಇರಬೇಕೆಂದು ನಾನು ತಿಳಿದೆ. ಹಾಗಿರಲಿಲ್ಲ. 1989ರ ಅಕ್ಟೋಬರ್ 22ರ ಭಾನುವಾರ ರಾತ್ರಿ, ಸೇಂಟ್ ಜೋಸೆಫ್ ಎಂಬ ಸಣ್ಣ ಊರಿನಲ್ಲಿ ಮೂವರು ಹುಡುಗರು ವಿಡಿಯೋ ಬಾಡಿಗೆಗೆ ತರಲು ಹತ್ತಿರದ ಅಂಗಡಿಗೆ ಸೈಕಲ್ ಮೇಲೆ ಹೋಗಿದ್ದರು. ಹಿಂದಿರುಗುವ ದಾರಿಯಲ್ಲಿ ಮುಸುಕು ಹಾಕಿದ್ದ ಬಂದೂಕುಧಾರಿಯೊಬ್ಬ ಅವರನ್ನು ಅಡ್ಡಗಟ್ಟಿದ. ಇಬ್ಬರನ್ನು ಹಿಂದಿರುಗಿ ನೋಡದೆ ಓಡುವಂತೆ ಬೆದರಿಸಿ, ಹನ್ನೊಂದು ವರ್ಷದ ಜೇಕಬ್ ವೆಟರ್ಲಿಂಗ್‌ನನ್ನು ಹಿಡಿದುಕೊಂಡ. ಉಳಿದಿಬ್ಬರಲ್ಲಿ ಒಬ್ಬ ಅವನ ತಮ್ಮ. ಅವರು ತಿರುಗಿ ನೋಡುವ ವೇಳೆಗೆ ರಸ್ತೆ ಬರಿದಾಗಿತ್ತು.

ಎಫ್.ಬಿ.ಐ. ಬಂದಿತು, ರಾಜ್ಯದ ನ್ಯಾಷನಲ್ ಗಾರ್ಡ್ ಪಡೆ ಬಂದಿತು, ಹೊಲಗಳಲ್ಲಿ ಸಾಲುಗಟ್ಟಿ ಹುಡುಕಲು ಸಾಮಾನ್ಯ ಜನ ಬಂದರು. ಹುಡುಗ ಸಿಗಲಿಲ್ಲ. ಕತ್ತಲಲ್ಲಿ ಅವನು ಮನೆಯ ದಾರಿ ಹುಡುಕುತ್ತ ಬಂದರೆ ಕಾಣಲಿ ಎಂದು ತಂದೆತಾಯಿಗಳು ಜಗಲಿಯ ದೀಪವನ್ನು ಉರಿಯಬಿಟ್ಟರು. ಅವರೊಂದಿಗೆ ರಾಜ್ಯದ ಉದ್ದಗಲಕ್ಕೂ ಜನ ತಮ್ಮ ಮನೆಗಳ ದೀಪಗಳನ್ನು ಉರಿಯಬಿಟ್ಟರು. ವರ್ಷ ವರ್ಷವೂ ಆ ದಿನ ಬಂದಾಗ ದೀಪಗಳು ಉರಿದವು. ನಾನು ಆರಿಸಿದ್ದು ಅಂಥದೊಂದು ದೀಪವನ್ನು.

ನನ್ನ ತಪ್ಪು

2016ರ ಸೆಪ್ಟೆಂಬರ್ ತಿಂಗಳಲ್ಲಿ, ಹೆಚ್ಚುಕಡಿಮೆ 27 ವರ್ಷಗಳ ನಂತರ, ಬೇರೊಂದು ಅಪರಾಧಕ್ಕಾಗಿ ಬಂಧಿತನಾಗಿದ್ದ ವ್ಯಕ್ತಿಯೊಬ್ಬ ಜೇಕಬ್‌ನ ಅವಶೇಷಗಳಿದ್ದ ಜಾಗವನ್ನು ತೋರಿಸಿದ. ಅದು ಹುಡುಗನ ಮನೆಯಿಂದ ಸುಮಾರು 30 ಮೈಲಿ ದೂರದ, ಪೇನ್ಸ್‌ವಿಲ್ ಊರಿನ ಬಳಿಯ ಹುಲ್ಲುಗಾವಲು. ಕಾಣೆಯಾದ ರಾತ್ರಿಯೇ ಹುಡುಗ ಹತನಾಗಿದ್ದನೆಂದು ನ್ಯಾಯಾಲಯದಲ್ಲಿ ತಿಳಿದುಬಂತು. ಇಷ್ಟೂ ವರ್ಷಗಳ ದೀಪಗಳು ಬರಲಾರದವನಿಗಾಗಿ ಉರಿದಿದ್ದವು.

ಆ ವಾರ ನನ್ನ ಚಿಕಿತ್ಸಾಲಯಕ್ಕೆ ಎಪ್ಪತ್ತು ದಾಟಿದ ಮಹಿಳೆಯೊಬ್ಬರು ಬಂದರು. (ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಾಯಿಸಿದ್ದೇನೆ.) ನಿದ್ರೆಯಿಲ್ಲ, ಊಟ ಸೇರುತ್ತಿಲ್ಲ, ಎದೆಯ ಮೇಲೆ ಕಲ್ಲಿಟ್ಟಂತೆ ಭಾರ. ಇ.ಸಿ.ಜಿ. ಸಹಜವಾಗಿತ್ತು, ರಕ್ತಪರೀಕ್ಷೆಗಳೂ ಸಹಜವಾಗಿದ್ದವು. ಯಾವಾಗಿನಿಂದ ಹೀಗಿದೆ ಎಂದು ಕೇಳಿದೆ. ‘ಆ ಹುಡುಗ ಸಿಕ್ಕನಲ್ಲ, ಆಗಿನಿಂದ’ ಎಂದು ಹೇಳಿ ಅಳತೊಡಗಿದರು. ನಾನು ಕೇಳಿದೆ: ‘ಅವನು ನಿಮ್ಮ ಸಂಬಂಧಿಕನೆ?’

ಇಂಗ್ಲಿಷಿನಲ್ಲಿ ಕೇಳಿದೆನಾದರೂ ಮನಸ್ಸಿನಲ್ಲಿದ್ದುದು ನಮ್ಮ ಕನ್ನಡದ ಪ್ರಶ್ನೆಯೇ: ಅವನು ನಿಮಗೆ ಏನಾಗಬೇಕು? ಆಕೆಯ ಅಳು ತಟ್ಟನೆ ನಿಂತಿತು. ‘ಇಲ್ಲ, ಏನೂ ಅಲ್ಲ’ ಎಂದು ಕಣ್ಣೊರೆಸಿಕೊಂಡು, ನನ್ನ ಸಮಯ ಹಾಳುಮಾಡಿದ್ದಕ್ಕೆ ಕ್ಷಮೆ ಕೇಳಿದರು. ಕೆಲವು ದಿನಗಳಿಗೆ ನಿದ್ರೆಯ ಮಾತ್ರೆ ಬರೆದುಕೊಟ್ಟು ಕಳುಹಿಸಿದೆ.

ಎರಡು ತಿಂಗಳ ನಂತರ ಫ್ಲೂ ಲಸಿಕೆಗೆ ಬಂದಾಗ ಅವರು ಮನಸ್ಸು ಬಿಚ್ಚಿದ್ದು ನನ್ನೊಂದಿಗಲ್ಲ, ನಮ್ಮ ನರ್ಸ್‌ನೊಂದಿಗೆ. 1960ರ ದಶಕದಲ್ಲಿ ಅವರಿಗೆ ಜೀವವಿಲ್ಲದ ಗಂಡುಮಗು ಹುಟ್ಟಿತ್ತು. ಆ ಕಾಲದ ಪದ್ಧತಿಯಂತೆ ತಾಯಿಗೆ ಮುಖವನ್ನೂ ತೋರಿಸದೆ ಮಗುವನ್ನು ಕೊಂಡೊಯ್ದಿದ್ದರು. ಮರೆತುಬಿಡು, ಇನ್ನೊಂದು ಆಗುತ್ತದೆ ಎಂದು ಎಲ್ಲರೂ ಹೇಳಿದ್ದರು. ಆಕೆ ಆ ಮಗುವಿಗಾಗಿ ಬಹಿರಂಗವಾಗಿ ಅತ್ತಿರಲೇ ಇಲ್ಲ. ಅಳುವಿನ ಬಾಗಿಲು ಐವತ್ತು ವರ್ಷಗಳ ನಂತರ ಸ್ವಲ್ಪ ತೆರೆದಾಗ, ನನ್ನ ಒಂದು ಪ್ರಶ್ನೆ ಅದನ್ನು ಮತ್ತೆ ಮುಚ್ಚಿತ್ತು.

ದುಃಖಿಸುವ ಹಕ್ಕು ಯಾರಿಗಿದೆ?

ದುಃಖವನ್ನು ಸಂಬಂಧದ ಅಳತೆಗೋಲಿನಿಂದ ಅಳೆಯುವುದು ನನ್ನೊಬ್ಬನ ರೂಢಿಯಲ್ಲ. ದಾಯಾದಿಗೆ ಇಷ್ಟು ದಿನದ ಸೂತಕ, ದೂರದ ನಂಟನಿಗೆ ಇಷ್ಟು ಎಂದು ನಮ್ಮಲ್ಲಿ ಲೆಕ್ಕವೇ ಇದೆ. ಪಶ್ಚಿಮದ ಕಚೇರಿಗಳಲ್ಲಿಯೂ ಸಾವಿನ ರಜೆಯನ್ನು ಕೊಡುವಾಗ ಮೊದಲು ಕೇಳುವುದು ಸಂಬಂಧವನ್ನೇ. ಈ ಲೆಕ್ಕದಿಂದ ಹೊರಗುಳಿದ ದುಃಖಕ್ಕೆ ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲಿ ಒಂದು ಹೆಸರು ಕೊಟ್ಟರು. ಅದನ್ನು ಕನ್ನಡದಲ್ಲಿ ‘ಹಕ್ಕು ನಿರಾಕರಿಸಲಾದ ದುಃಖ’ ಎನ್ನಬಹುದು. ಸಮಾಜವು ಒಪ್ಪದ, ಬಹಿರಂಗವಾಗಿ ಆಚರಿಸಲಾಗದ, ಸಾಂತ್ವನ ದೊರೆಯದ ದುಃಖವದು. ಗರ್ಭಪಾತವಾದ ತಾಯಿಯ ಅಳಲು, ವಿಚ್ಛೇದಿತ ಪತಿಯ ಸಾವಿಗೆ ಪತ್ನಿ ಪಡುವ ವ್ಯಥೆ ಇಂಥವು ಈ ವರ್ಗಕ್ಕೆ ಸೇರುತ್ತವೆ. ನನ್ನ ರೋಗಿಯ ಎರಡು ದುಃಖಗಳೂ ಇದೇ ವರ್ಗದವು: ಒಂದು ಮುಖವನ್ನೇ ನೋಡದ ಮಗುವಿನದು, ಇನ್ನೊಂದು ಚಿತ್ರದಲ್ಲಿ ಮಾತ್ರ ನೋಡಿದ ಹುಡುಗನದು.

ಆದರೆ ನಮ್ಮ ಸಂಪ್ರದಾಯಕ್ಕೆ ಇನ್ನೊಂದು ಮುಖವೂ ಇದೆ. ಮದುವೆಗೆ ಕರೆದರೆ ಹೋಗಬೇಕು, ಸಾವಿನ ಮನೆಗೆ ಕರೆಯದಿದ್ದರೂ ಹೋಗಬೇಕು ಎಂಬುದು ನಮ್ಮ ಹಳ್ಳಿಗಳ ನಡವಳಿಕೆ. ತರ್ಪಣ ಬಿಡುವಾಗ ನಮ್ಮ ಹಿರಿಯರು ತಮ್ಮ ಪಿತೃಗಳಿಗಷ್ಟೇ ಎಳ್ಳುನೀರು ಬಿಟ್ಟು ನಿಲ್ಲಿಸುವುದಿಲ್ಲ. ಬಂಧುಗಳಲ್ಲದವರಿಗೂ, ಯಾವುದೋ ಜನ್ಮದಲ್ಲಿ ಬಂಧುಗಳಾಗಿದ್ದಿರಬಹುದಾದವರಿಗೂ ಒಂದು ಬೊಗಸೆ ಬಿಡುತ್ತಾರೆ. ಅಪರಿಚಿತನಿಗಾಗಿ ದುಃಖಿಸುವುದು ಟೆಲಿವಿಷನ್ ಯುಗದ ಸೃಷ್ಟಿಯೇನೂ ಅಲ್ಲವೆಂಬುದಕ್ಕೆ ಇಷ್ಟು ಸಾಕು.

ಅನಿಶ್ಚಿತ ಅಗಲಿಕೆ

ಕಾಣೆಯಾದವರ ಕುಟುಂಬದ ಸ್ಥಿತಿಯನ್ನು ಮೊದಲು ಅರಿತರೆ ಅಪರಿಚಿತರ ಸ್ಥಿತಿ ಸುಲಭವಾಗಿ ಅರ್ಥವಾಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಪಾಲಿನ್ ಬಾಸ್ 1970ರ ದಶಕದಲ್ಲಿ, ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಧ್ಯಯನ ಮಾಡಿದರು. ದೇಹ ದೊರೆಯದೆ ಇದ್ದಾಗ ಮನಸ್ಸು ಅಳಲೂ ಆಗದೆ, ಆಸೆ ಬಿಡಲೂ ಆಗದೆ ನಡುವೆ ಸಿಕ್ಕಿಕೊಳ್ಳುತ್ತದೆ. ಈ ಸ್ಥಿತಿಯ ಮೇಲೆ ಅವರು 1999ರಲ್ಲಿ ಪ್ರಸಿದ್ಧ ಗ್ರಂಥವೊಂದನ್ನು ಪ್ರಕಟಿಸಿದರು. ಇದನ್ನು ನಾವು ‘ಅನಿಶ್ಚಿತ ಅಗಲಿಕೆ’ ಎಂದು ಕರೆಯೋಣ. ಇದರಲ್ಲಿ ಎರಡು ಬಗೆ: ದೇಹವಿಲ್ಲದಿದ್ದರೂ ಮನಸ್ಸಿನಲ್ಲಿ ವ್ಯಕ್ತಿ ಇರುವುದು ಒಂದು, ದೇಹವಿದ್ದರೂ ವ್ಯಕ್ತಿ ಇಲ್ಲದಂತಾಗುವುದು, ಅಂದರೆ ಮರೆವಿನ ಕಾಯಿಲೆಯಲ್ಲಿ ನಾವು ಕಾಣುವ ಸ್ಥಿತಿ, ಇನ್ನೊಂದು. ಸ್ವಿಟ್ಜರ್ಲೆಂಡಿನಿಂದ ವಲಸೆ ಬಂದ ತಮ್ಮ ತಂದೆ ಜೀವನವಿಡೀ ತವರಿಗಾಗಿ ಹಂಬಲಿಸಿದ್ದನ್ನೂ ಬಾಸ್ ಅವರು ಈ ವಿಚಾರದೊಂದಿಗೆ ಜೋಡಿಸುತ್ತಾರೆ. ಊರನ್ನು ಬಿಟ್ಟು ಬಂದು, ಊರನ್ನು ಬಿಡಲಾಗದೆ ಇರುವ ನಮಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ.

ಇದರ ಸಂಕಟವನ್ನು ನಮ್ಮ ಪೂರ್ವಿಕರೂ ಬಲ್ಲರು. ಕಾಣೆಯಾದವನಿಗಾಗಿ ಹನ್ನೆರಡು ವರ್ಷ ಕಾದು, ಆಮೇಲೆ ಮುತ್ತುಗದ ಎಲೆಗಳಿಂದ ಅವನ ಪ್ರತಿಕೃತಿ ಮಾಡಿ ದಹಿಸುವ ವಿಧಿ ಧರ್ಮಶಾಸ್ತ್ರಗಳಲ್ಲಿದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ಏಳು ವರ್ಷ ಸುದ್ದಿಯಿಲ್ಲದವನನ್ನು ಮೃತನೆಂದು ಭಾವಿಸಲು ಅವಕಾಶ ಕೊಟ್ಟಿತು. ಇವೆರಡೂ ಕಾಯುವಿಕೆಗೆ ಒಂದು ಗಡಿ ಹಾಕುವ ಪ್ರಯತ್ನಗಳು. ಕಾನೂನಿಗೆ ಬೇಕಾಗಿರುವುದು ಆಸ್ತಿಯ ತೀರ್ಮಾನವಾದರೆ, ಮುತ್ತುಗದ ಎಲೆಯ ವಿಧಿಗೆ ಬೇಕಾಗಿರುವುದು ಅಳುವುದಕ್ಕೆ ಅನುಮತಿ.

ಹುಡುಕಿದವರು ಬಂಧುಗಳಾಗುವ ಬಗೆ

ಇನ್ನು ಅಪರಿಚಿತರ ವಿಷಯ. ಕಂಡಿರದ ಹುಡುಗನೊಂದಿಗೆ ಬಾಂಧವ್ಯ ಬೆಳೆಯುವುದು ಹೇಗೆ? ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು ಮುಖ. ಒಂದೇ ಮುಖವನ್ನು ಪದೇ ಪದೇ ನೋಡಿದಷ್ಟಕ್ಕೇ ಅದರ ಮೇಲೆ ಒಲವು ಹುಟ್ಟುತ್ತದೆ ಎಂಬುದನ್ನು ಮನೋವಿಜ್ಞಾನಿ ರಾಬರ್ಟ್ ಝಾಯನ್ಸ್ 1968ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಟೆಲಿವಿಷನ್ನಿನಲ್ಲಿ ಕಾಣುವ ವ್ಯಕ್ತಿಯೊಂದಿಗೆ ಪ್ರೇಕ್ಷಕನು ಪರಿಚಯದ ಭಾವ ತಾಳುವುದನ್ನು ಹಾರ್ಟನ್ ಮತ್ತು ವೋಲ್ ಎಂಬ ಇಬ್ಬರು ವಿದ್ವಾಂಸರು 1956ರಲ್ಲೇ ವಿವರಿಸಿದ್ದರು. 1984ರಲ್ಲಿ ಐಯೋವಾ ರಾಜ್ಯದ ಡೈರಿಗಳು ಕಾಣೆಯಾದ ಮಕ್ಕಳ ಚಿತ್ರಗಳನ್ನು ಹಾಲಿನ ಡಬ್ಬಗಳ ಮೇಲೆ ಅಚ್ಚುಹಾಕಿದವು. ಆ ಪದ್ಧತಿ ಬೇಗನೆ ದೇಶಕ್ಕೆಲ್ಲ ಹಬ್ಬಿತು. ಬೆಳಗಿನ ಉಪಾಹಾರದ ಮೇಜಿನ ಮೇಲೆ ತನ್ನ ಮಕ್ಕಳ ನಡುವೆ ಇನ್ನೊಬ್ಬರ ಮಗು ಕುಳಿತಂತೆ ಅದು. ಹಳದಿ ಸ್ವೆಟರ್ ತೊಟ್ಟು ನಗುವ ಜೇಕಬ್‌ನ ಚಿತ್ರವನ್ನು ಮಿನ್ನೆಸೋಟದ ಜನ 27 ವರ್ಷ ನೋಡಿದರು. ಅಷ್ಟೇ ಅಲ್ಲ, ಈಗ ಅವನು ಹೀಗಿರಬಹುದೆಂದು ವಯಸ್ಸನ್ನು ಹೆಚ್ಚಿಸಿ ರಚಿಸಿದ ಚಿತ್ರಗಳೂ ಪ್ರಕಟವಾದವು. ಹನ್ನೊಂದಕ್ಕೆ ನಿಂತುಹೋದ ಹುಡುಗ ಜನರ ಕಣ್ಣೆದುರಿನಲ್ಲಿ ಯುವಕನಾಗಿ ಬೆಳೆದ. ಆದ್ದರಿಂದ 2016ರಲ್ಲಿ ಜನ ಕಳೆದುಕೊಂಡದ್ದು ಇಬ್ಬರನ್ನು: ಆ ಬಾಲಕನನ್ನು, ಮತ್ತು ತಾವು ಮನಸ್ಸಿನಲ್ಲಿ ಬೆಳೆಸಿದ್ದ ಆ ಯುವಕನನ್ನು.

ಎರಡನೆಯದು ಹುಡುಕಾಟ. ಜಾನ್ ಬೌಲ್ಬಿ ಮತ್ತು ಕಾಲಿನ್ ಮರ್ರಿ ಪಾರ್ಕ್ಸ್ ಎಂಬ ಬ್ರಿಟಿಷ್ ವೈದ್ಯರು ದುಃಖದ ಅವಸ್ಥೆಗಳನ್ನು ವರ್ಣಿಸುವಾಗ ಹಂಬಲ ಮತ್ತು ಹುಡುಕಾಟಗಳಿಗೆ ಪ್ರಮುಖ ಸ್ಥಾನ ಕೊಟ್ಟರು. ಸತ್ತವರೆಂದು ತಿಳಿದಿದ್ದರೂ ಸಂತೆಯ ಗುಂಪಿನಲ್ಲಿ ಕಣ್ಣು ಅವರನ್ನೇ ಅರಸುತ್ತದೆ. ಬಂಧುಗಳಲ್ಲಿ ಪ್ರೀತಿ ಮೊದಲು, ಹುಡುಕಾಟ ಆಮೇಲೆ. ಅಪರಿಚಿತರಲ್ಲಿ ಈ ಕ್ರಮ ತಲೆಕೆಳಗಾಗುತ್ತದೆ: ಹುಡುಕಾಟ ಮೊದಲು, ಪ್ರೀತಿ ಆಮೇಲೆ. ಹೊಲದಲ್ಲಿ ಒಂದು ದಿನ ಹುಲ್ಲು ಸರಿಸಿ ನೋಡಿದವನಿಗೆ, ಬಾಗಿಲಲ್ಲಿ ಒಂದು ರಾತ್ರಿ ದೀಪ ಇಟ್ಟವಳಿಗೆ ಆ ಹುಡುಗ ಅಲ್ಲಿಂದ ಮುಂದೆ ಅಪರಿಚಿತನಲ್ಲ. ಅವರು ಆ ಕುಟುಂಬಕ್ಕೆ ಆಸೆಯನ್ನು ಸಾಲವಾಗಿ ಕೊಟ್ಟಿದ್ದರು. ದೇಹ ದೊರೆತ ದಿನ ಆ ಸಾಲ ಮುಳುಗಿಹೋಯಿತು. ಅವರ ಕಣ್ಣೀರು ತೋರಿಕೆಯದಲ್ಲವೆಂದು ನಾನು ಹೇಳುವುದು ಈ ಕಾರಣದಿಂದ. ಅವರು ಅಳುತ್ತಿದ್ದುದು ತಾವು ಅರಿಯದ ಹುಡುಗನ ಗುಣಗಳಿಗಾಗಿ ಅಲ್ಲ, ತಾವೇ ಹೊತ್ತು ಸಾಕಿದ ಆಸೆಗಾಗಿ.

ಮೂರನೆಯದು ಹಳೆಯ ಗಾಯ. ಸಾವಿಲ್ಲದ ಮನೆಯ ಸಾಸಿವೆ ತರಲು ಬುದ್ಧನು ಕಿಸಾಗೋತಮಿಯನ್ನು ಕಳುಹಿಸಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿದ್ದೇವೆ. ಅಲ್ಲಿ ಮಗುವನ್ನು ಕಳೆದುಕೊಂಡ ತಾಯಿ ಮನೆಮನೆಗೆ ಹೋಗಿ ಎಲ್ಲರ ದುಃಖವನ್ನು ಅರಿತಳು. ಇಲ್ಲಿ ಮನೆಮನೆಯ ದುಃಖವೇ ಆ ತಾಯಿಯ ಬಾಗಿಲಿಗೆ ಬಂದಿತು. ನನ್ನ ರೋಗಿಯಂತೆ ಅಳಲು ಅವಕಾಶವೇ ದೊರೆಯದಿದ್ದ ಎಷ್ಟೋ ಜನರಿಗೆ, ಎಲ್ಲರೂ ಒಪ್ಪಿದ ಈ ಒಂದು ಸಾವು ತಮ್ಮ ಅಳುವನ್ನು ಇಳಿಸಿಕೊಳ್ಳುವ ಜಾಗವಾಯಿತು. ಅದು ಮೋಸವಲ್ಲ. ಮಳೆ ಬಂದಾಗ ಹಳೆಯ ತೊರೆಗಳೂ ತುಂಬಿ ಹರಿಯುತ್ತವೆ.

ಅಳುವಿನ ಅಡ್ಡದಾರಿಗಳು

ಅಪರಿಚಿತರ ದುಃಖವನ್ನು ಬರಿದೆ ಹೊಗಳಿ ಕುಳಿತುಕೊಳ್ಳುವುದು ಸರಿಯಲ್ಲ. ಅದಕ್ಕೆ ಅಡ್ಡದಾರಿಗಳಿವೆ.

ದುಃಖಕ್ಕೆ ಉತ್ತರ ಬೇಕು. ಉತ್ತರ ಸಿಗದಿದ್ದರೆ ಅದು ಆರೋಪಿಯನ್ನು ಹುಡುಕುತ್ತದೆ. ಜೇಕಬ್ ಕಾಣೆಯಾದ ಜಾಗದ ಪಕ್ಕದಲ್ಲಿ ಸಂಗೀತದ ಉಪಾಧ್ಯಾಯರೊಬ್ಬರ ಮನೆಯಿತ್ತು. 2010ರಲ್ಲಿ ಅವರ ಜಮೀನನ್ನು ಅಗೆದು ಶೋಧಿಸಲಾಯಿತು; ಪ್ರಕರಣಕ್ಕೆ ಸಂಬಂಧಪಟ್ಟಿರಬಹುದಾದ ವ್ಯಕ್ತಿಯೆಂದು ಅವರನ್ನು ಬಹಿರಂಗವಾಗಿ ಹೆಸರಿಸಲಾಯಿತು. ಮೊಕದ್ದಮೆ ಹೂಡಲಿಲ್ಲ, ನಿರ್ದೋಷಿಯೆಂದೂ ಹೇಳಲಿಲ್ಲ. ನಿಜವಾದ ಅಪರಾಧಿ 2016ರಲ್ಲಿ ಒಪ್ಪಿಕೊಳ್ಳುವವರೆಗೆ ಅವರು ಊರಿನ ಸಂಶಯದ ಕಣ್ಣುಗಳ ನಡುವೆ ಬದುಕಬೇಕಾಯಿತು. ಆ ಅಪರಾಧಿಯಾದರೋ ಮೊದಲ ತಿಂಗಳುಗಳಲ್ಲೇ ವಿಚಾರಣೆಗೆ ಒಳಗಾಗಿ ಬಿಡುಗಡೆಯಾಗಿದ್ದವನು.

ಇನ್ನೊಂದು ಅಡ್ಡದಾರಿ ಭಯ. 1994ರಲ್ಲಿ ಜೇಕಬ್‌ನ ಹೆಸರಿನಲ್ಲಿಯೇ ಕೇಂದ್ರ ಸರ್ಕಾರದ ಕಾನೂನು ಬಂದು, ಮಕ್ಕಳ ಮೇಲೆ ಅಪರಾಧವೆಸಗಿದವರ ನೋಂದಣಿ ಪಟ್ಟಿಯನ್ನು ಪ್ರತಿ ರಾಜ್ಯವೂ ಇಡಬೇಕಾಯಿತು. ಅದರ ಹಿಂದೆ ಇದ್ದವರು ಜೇಕಬ್‌ನ ತಾಯಿ ಪ್ಯಾಟಿ ವೆಟರ್ಲಿಂಗ್. ಆದರೆ ವರ್ಷಗಳು ಕಳೆದಂತೆ ಆ ಪಟ್ಟಿಗಳು ಹಿಗ್ಗಿ, ಚಿಕ್ಕ ವಯಸ್ಸಿನಲ್ಲಿ ತಪ್ಪು ಮಾಡಿದವರನ್ನೂ ಜೀವನವಿಡೀ ಕಟ್ಟಿಹಾಕುವಂತಾದಾಗ, ಅವುಗಳನ್ನು ಪ್ರಶ್ನಿಸಿದವರಲ್ಲಿ ಅದೇ ತಾಯಿಯೂ ಒಬ್ಬರು. ಎಲ್ಲರಿಗಿಂತ ಹೆಚ್ಚು ಕೋಪಗೊಳ್ಳುವ ಹಕ್ಕಿದ್ದವರು ಎಲ್ಲರಿಗಿಂತ ಹೆಚ್ಚು ಸಂಯಮ ತೋರಿದರು.

ಮೂರನೆಯದು ಪಕ್ಷಪಾತ. ಪತ್ರಿಕೆಗಳು ಯಾರ ಚಿತ್ರವನ್ನು ಮುದ್ರಿಸುತ್ತವೆಯೋ ಅವರಿಗಾಗಿ ಮಾತ್ರ ನಾವು ಅಳುತ್ತೇವೆ. ಅಮೆರಿಕದ ಮೂಲನಿವಾಸಿಗಳ ಹೆಣ್ಣುಮಕ್ಕಳು ಕಾಣೆಯಾದರೆ ಬಹುಪಾಲು ದೀಪಗಳು ಉರಿಯಲಿಲ್ಲ. ಈ ಅನ್ಯಾಯವನ್ನು ಮನಗಂಡ ಮಿನ್ನೆಸೋಟ ರಾಜ್ಯ 2021ರಲ್ಲಿ, ಕಾಣೆಯಾದ ಮತ್ತು ಹತರಾದ ಮೂಲನಿವಾಸಿಗಳಿಗಾಗಿಯೇ ಒಂದು ಕಚೇರಿಯನ್ನು ಕಾನೂನಿನ ಮೂಲಕ ಸ್ಥಾಪಿಸಿತು. ಇಂಥ ಕಚೇರಿ ಆ ದೇಶದಲ್ಲಿ ಅದೇ ಮೊದಲನೆಯದು. ಅದರ ಇಂಗ್ಲಿಷ್ ಹೆಸರಿನಲ್ಲಿ ಅವರನ್ನು ಕರೆದಿರುವುದು ‘ಬಂಧುಗಳು’ ಎಂದು.

ಸರಿದಾರಿಗೂ ಒಂದು ಉದಾಹರಣೆ ಕೊಡುತ್ತೇನೆ. ಜಾಯ್ ಬೇಕರ್ ಎಂಬ ಲೇಖಕಿ ಆ ಕುಟುಂಬಕ್ಕೆ ಯಾವ ನಂಟೂ ಇಲ್ಲದವರು. ಈ ಪ್ರಕರಣವನ್ನು ಮರೆಯಲಾರದೆ 2010ರಿಂದ ತಾವಾಗಿ ಅದರ ಬೆನ್ನುಹತ್ತಿದರು. ಅದೇ 1989ರ ಜನವರಿಯಲ್ಲಿ ಹತ್ತಿರದ ಊರಿನಲ್ಲಿ ಅಪಹರಣಕ್ಕೊಳಗಾಗಿ ಬದುಕುಳಿದಿದ್ದ ಬಾಲಕ ಆ ವೇಳೆಗೆ ದೊಡ್ಡವನಾಗಿದ್ದ. ಅವನೊಂದಿಗೆ ಕುಳಿತು ಹಳೆಯ ಘಟನೆಗಳ ಸಾಮ್ಯವನ್ನು ಬೆಳಕಿಗೆ ತಂದರು. 2023ರಲ್ಲಿ ಪ್ಯಾಟಿ ವೆಟರ್ಲಿಂಗ್ ತಮ್ಮ ಕಥೆಯನ್ನು ಪುಸ್ತಕವಾಗಿ ಬರೆದಾಗ ಸಹಲೇಖಕಿಯಾಗಿದ್ದವರು ಈ ಅಪರಿಚಿತೆಯೇ.

ವೈದ್ಯನ ಮಾತು

ಇಂಥ ದುಃಖ ಕಾಯಿಲೆಯೆ? ಸಾಮಾನ್ಯವಾಗಿ ಅಲ್ಲ. ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ 2022ರಲ್ಲಿ ‘ದೀರ್ಘಕಾಲದ ದುಃಖವ್ಯಾಧಿ’ ಎಂಬ ರೋಗನಿರ್ಣಯ ಸೇರಿದೆ. ವಯಸ್ಕರಲ್ಲಿ ಸಾವು ಸಂಭವಿಸಿ ಕನಿಷ್ಠ ಒಂದು ವರ್ಷ ಕಳೆದ ಮೇಲೂ, ಮಕ್ಕಳಲ್ಲಿ ಆರು ತಿಂಗಳು ಕಳೆದ ಮೇಲೂ ತೀವ್ರವಾದ ಹಂಬಲವು ದಿನನಿತ್ಯದ ಬದುಕನ್ನು ಕೆಡಿಸುತ್ತಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಸತ್ತವರು ಆಪ್ತರಾಗಿರಬೇಕೆಂಬ ನಿಬಂಧನೆಯೂ ಅಲ್ಲಿದೆ. ಅಂದರೆ ಕೈಪಿಡಿಯೂ ಕೇಳುವುದು ಅದೇ ಪ್ರಶ್ನೆಯನ್ನು.

ಅಪರಿಚಿತರ ದುಃಖ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಹಾಗಾಗದೆ ನಿದ್ರೆ ಊಟಗಳು ಕೆಟ್ಟೇ ಇದ್ದರೆ, ಕೆಲಸದಲ್ಲಿ ಮನಸ್ಸು ನಿಲ್ಲದಿದ್ದರೆ, ಭಯದಿಂದ ಮಕ್ಕಳನ್ನು ಹೊರಗೇ ಕಳುಹಿಸಲಾರದಂತಾದರೆ ವೈದ್ಯರನ್ನು ಕಾಣಬೇಕು. ತನಗೂ ಸಾವು ಬರಲಿ ಎಂಬ ಯೋಚನೆ ಬಂದರಂತೂ ಒಂದು ದಿನವನ್ನೂ ಕಳೆಯಬಾರದು. ಬಹಳ ಸಲ ಅದರ ಕೆಳಗೆ ಅಳದೆ ಉಳಿದ ಹಳೆಯ ಸಾವೊಂದಿರುತ್ತದೆ. ಅಳುವವರ ಬಳಿ ‘ಅವನು ನಿಮ್ಮ ಸಂಬಂಧಿಕನೆ’ ಎಂದು ಕೇಳುವುದನ್ನು ನಾನು 2016ರ ನಂತರ ಬಿಟ್ಟಿದ್ದೇನೆ. ‘ಅವನನ್ನು ನೆನೆದಾಗ ಇನ್ನು ಯಾರ ನೆನಪಾಗುತ್ತದೆ’ ಎಂದು ಕೇಳುತ್ತೇನೆ. ಬಾಗಿಲು ತೆರೆಯುವುದು ಆ ಪ್ರಶ್ನೆಗೆ.

ಮಕ್ಕಳು ಈ ಸುದ್ದಿಗಳನ್ನು ಕೇಳಿಯೇ ಕೇಳುತ್ತಾರೆ. ವಿವರಗಳನ್ನು ಬೆಳೆಸದೆ, ಸುಳ್ಳನ್ನೂ ಹೇಳದೆ, ಇಂಥದು ಬಹಳ ಅಪರೂಪವೆಂದೂ ನಿನ್ನನ್ನು ನೋಡಿಕೊಳ್ಳುವವರು ಇದ್ದಾರೆಂದೂ ಹೇಳಬೇಕು. ಟೆಲಿವಿಷನ್ನನ್ನು ಆರಿಸಬೇಕು.

ಕಡೆಯ ಮಾತು

2024ರ ಜನವರಿಯಲ್ಲಿ ಇಂಡಿಯಾನಾ ರಾಜ್ಯದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿದ್ಯಾರ್ಥಿಯೊಬ್ಬ ಕಾಣೆಯಾಗಿ, ಆ ಆವರಣದಲ್ಲಿಯೇ ಮೃತನಾಗಿ ದೊರೆತ. ಅವನು ನಮಗೆ ಯಾರೂ ಅಲ್ಲ. ಸುದ್ದಿ ಬಂದ ರಾತ್ರಿ ನನ್ನ ಹೆಂಡತಿ ಊಟ ಬಡಿಸುವುದನ್ನು ನಿಲ್ಲಿಸಿ, ದೂರದ ಊರಿನಲ್ಲಿ ಓದುತ್ತಿದ್ದ ನಮ್ಮ ಮಗನಿಗೆ ಫೋನ್ ಮಾಡಿದಳು. ಆಮೇಲೆ, ನಮ್ಮ ಊರಿನ ವಿಶ್ವವಿದ್ಯಾಲಯಕ್ಕೆ ಆ ವರ್ಷ ಬಂದಿದ್ದ, ಒಮ್ಮೆ ಮಾತ್ರ ಕಂಡಿದ್ದ ಹುಡುಗನೊಬ್ಬನ ನಂಬರನ್ನು ಹುಡುಕಿ ಅವನಿಗೂ ಫೋನ್ ಮಾಡಿದಳು. ಆ ಹುಡುಗನಿಗೆ ಆಶ್ಚರ್ಯವಾಯಿತು. ಮುಂದಿನ ಭಾನುವಾರ ಊಟಕ್ಕೆ ಬಂದ. ಹದಿನೈದು ದಿನದಿಂದ ಯಾರೊಂದಿಗೂ ಕನ್ನಡ ಮಾತನಾಡಿರಲಿಲ್ಲವೆಂದು ಹೇಳಿದ.

ಅಪರಿಚಿತರ ಕಣ್ಣೀರಿನಿಂದ ಸತ್ತವರು ಬರುವುದಿಲ್ಲ. ಆ ಕುಟುಂಬದ ಭಾರವೂ ಇಳಿಯಲಾರದು. ಆದರೆ ಆ ಕಣ್ಣೀರು ಒಣಗುವ ಮೊದಲು ಹತ್ತಿರದ ಒಂದು ಜೀವದ ಕಡೆಗೆ ತಿರುಗಿದರೆ ಅದು ವ್ಯರ್ಥವಾಗಲಿಲ್ಲ. ನಮ್ಮ ಸಂಘದ ಪಟ್ಟಿಯಲ್ಲಿ ಒಂಟಿಯಾಗಿರುವ ವಿದ್ಯಾರ್ಥಿಗಳ ಹೆಸರುಗಳಿವೆ. ಪ್ರತಿ ಮನೆಯೂ ಒಬ್ಬರನ್ನು ಹಂಚಿಕೊಂಡು ತಿಂಗಳಿಗೊಮ್ಮೆ ಮಾತನಾಡಿಸಬೇಕೆಂದು ವಿನಂತಿಸಿ ನನ್ನ ಮಾತನ್ನು ಮುಗಿಸುತ್ತೇನೆ.

‘ಅವನು ನಿಮಗೆ ಏನಾಗಬೇಕು’ ಎಂಬ ನಮ್ಮ ಪ್ರಶ್ನೆಯನ್ನು ಇಷ್ಟು ವರ್ಷ ನಾನು ಹುಟ್ಟಿನ ಲೆಕ್ಕದಲ್ಲಿ ಮಾತ್ರ ಕೇಳುತ್ತಿದ್ದೆ. ಆ ಪ್ರಶ್ನೆಯಲ್ಲಿ ‘ಆಗುವುದು’ ಎಂಬ ಕ್ರಿಯಾಪದವಿದೆ ಎಂಬುದನ್ನು ತಡವಾಗಿ ಗಮನಿಸಿದೆ. ಅಕ್ಟೋಬರ್ 22ರ ರಾತ್ರಿ ನಮ್ಮ ಮನೆಯ ಜಗಲಿಯ ದೀಪವನ್ನು ಈಗ ನಾನೂ ಆರಿಸುವುದಿಲ್ಲ.